ಲೋವೆಲ್ ಗಿರಣಿಯ ಹುಡುಗಿಯರು: ಗೆಳೆತನ, ಒಲವು, ಮದುವೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಲೋವೆಲ್ ಎಲ್ಲಿದೆ? ಅಲ್ಲಿನ ಹುಡುಗಿಯರ ಬಗ್ಗೆಯೇ ಯಾಕೆ ಬರೆದಿದ್ದೀರಿ?

ಲೋವೆಲ್ ಇರುವುದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ. ಬಾಸ್ಟನ್‌ನಿಂದ ಸುಮಾರು 40 ಕಿಲೋಮೀಟರ್ ದೂರ. ಅಲ್ಲಿ ಮೆರಿಮ್ಯಾಕ್ ನದಿ ಸುಮಾರು 30 ಅಡಿ ಕೆಳಗೆ ಇಳಿಯುತ್ತದೆ. ಆ ನೀರಿನ ರಭಸದಿಂದ ಮಗ್ಗ ಓಡಿಸಬಹುದು ಅಂತ ಬಾಸ್ಟನ್ನಿನ ಸಾಹುಕಾರರು 1820ರ ದಶಕದ ಮೊದಲಿಗೆ ಹತ್ತಿ ಬಟ್ಟೆಯ ಗಿರಣಿಗಳನ್ನು ಕಟ್ಟಿದರು. 1826ರಲ್ಲಿ ಲೋವೆಲ್ ಒಂದು ಪಟ್ಟಣವಾಯಿತು. 1850ರ ಹೊತ್ತಿಗೆ ಅಲ್ಲಿ 33 ಸಾವಿರ ಜನ ಇದ್ದರು.

ಕೆಲಸಕ್ಕೆ ಬಂದವರಲ್ಲಿ ಬಹುಪಾಲು ಹೆಣ್ಣುಮಕ್ಕಳು. ಸುತ್ತಲಿನ ನ್ಯೂ ಹ್ಯಾಂಪ್‌ಶೈರ್, ವರ್ಮಾಂಟ್, ಮೇನ್ ರಾಜ್ಯಗಳ ರೈತರ ಮಕ್ಕಳು. ಹೆಚ್ಚಿನವರ ವಯಸ್ಸು 15ರಿಂದ 30. ಮದುವೆ ಆಗಿರಲಿಲ್ಲ. ಆ ಕಾಲದ ದುಡಿಯುವ ಹೆಣ್ಣುಮಕ್ಕಳು ಸ್ವಂತ ಮಾತಿನಲ್ಲಿ ಬರೆದಿಟ್ಟದ್ದು ನಮಗೆ ಸಿಗುವುದು ಬಹಳ ಕಡಿಮೆ. ಮನೆಕೆಲಸದವರ, ಹೊಲಿಗೆಯವರ ಬದುಕು ಹೆಚ್ಚಾಗಿ ಯಜಮಾನರ ಲೆಕ್ಕದ ಪುಸ್ತಕದಲ್ಲಷ್ಟೇ ಉಳಿದಿದೆ. ಲೋವೆಲ್ಲಿನ ಹುಡುಗಿಯರು ಹಾಗಲ್ಲ. ಕಾಗದ ಬರೆದರು, ಪತ್ರಿಕೆ ತಂದರು, ವಯಸ್ಸಾದ ಮೇಲೆ ನೆನಪುಗಳನ್ನೂ ಬರೆದರು. ಓದುತ್ತಾ ಹೋದರೆ ಒಂದು ವಿಷಯ ಎದ್ದು ಕಾಣುತ್ತದೆ. ಮದುವೆ ಆಗಬೇಕೋ ಬೇಡವೋ, ಯಾರನ್ನು ಆಗಬೇಕು, ಯಾವಾಗ ಅಂತ ಯೋಚಿಸಲು ಅವರಿಗೆ ಒಂದಷ್ಟು ಪುರುಸೊತ್ತು ಸಿಕ್ಕಿತು. ಆ ಪುರುಸೊತ್ತು ಕೊಟ್ಟಿದ್ದು ಕೂಲಿಯ ದುಡ್ಡು ಮಾತ್ರ ಅಲ್ಲ, ಪಕ್ಕದಲ್ಲಿದ್ದ ಗೆಳತಿಯರು ಕೂಡ.

ಮದುವೆಯಾಗದ ಮಗಳನ್ನು ಅಷ್ಟು ದೂರ ಹೇಗೆ ಕಳಿಸಿದರು?

ಸುಲಭವಾಗಿ ಕಳಿಸಲಿಲ್ಲ. ವರ್ಮಾಂಟ್‌ನ ಬಾರ್ನಾರ್ಡ್ ಎಂಬ ಊರಿನ ಮೇರಿ ಪಾಲ್ 1845ರಲ್ಲಿ ಅಪ್ಪನಿಗೆ ಬರೆದ ಕಾಗದ ಉಳಿದಿದೆ. ಆಗ ಅವಳಿಗೆ 15 ವರ್ಷ. ಲೋವೆಲ್‌ಗೆ ಹೋಗಲು ಒಪ್ಪಿಗೆ ಕೊಡಿ ಅಂತ ಕೇಳುತ್ತಾಳೆ. ಅವಳು ಕೊಡುವ ಕಾರಣ ನೇರವಾಗಿದೆ: ಬಟ್ಟೆ ಬೇಕು, ಇಲ್ಲೇ ಇದ್ದರೆ ಅದು ಸಿಗುವುದಿಲ್ಲ. ಗುರುತಿನ ಇನ್ನೊಬ್ಬ ಹುಡುಗಿಯ ಹೆಸರನ್ನೂ ಆ ಕಾಗದದಲ್ಲಿ ಸೇರಿಸುತ್ತಾಳೆ. ಜೊತೆಗೆ ಯಾರಾದರೂ ಇದ್ದರೆ ಅಪ್ಪ ಬೇಗ ಒಪ್ಪುತ್ತಾನೆ ಅಂತ ಅವಳಿಗೆ ಗೊತ್ತಿತ್ತು, ಅಲ್ವಾ?

ಹೀಗೇ ಒಬ್ಬಳ ಹಿಂದೆ ಒಬ್ಬಳು ಬಂದರು. ಮೊದಲು ಅಕ್ಕ, ಆಮೇಲೆ ತಂಗಿ, ಆಮೇಲೆ ಚಿಕ್ಕಪ್ಪನ ಮಗಳು, ಪಕ್ಕದ ಹೊಲದವರ ಮಗಳು. ಗಿರಣಿಯ ಹಾಜರಿ ಪುಸ್ತಕಗಳಲ್ಲಿ ಒಂದೇ ಊರಿನ, ಒಂದೇ ಮನೆತನದ ಹೆಸರುಗಳು ಸಾಲಾಗಿ ಸಿಗುತ್ತವೆ. ಮೊದಲ ದಿನವೇ ಅಲ್ಲಿ ತನ್ನವರು ಅಂತ ಒಬ್ಬಳಾದರೂ ಇರುತ್ತಿದ್ದಳು.

ಗಿರಣಿಯವರೂ ತಂದೆತಾಯಿಯರಿಗೆ ಒಂದು ಭರವಸೆ ಕೊಟ್ಟಿದ್ದರು. ಹುಡುಗಿಯರು ಕಂಪನಿಯ ಬೋರ್ಡಿಂಗ್ ಮನೆಯಲ್ಲೇ ಇರಬೇಕು. ರಾತ್ರಿ 10ಕ್ಕೆ ಬಾಗಿಲು ಹಾಕಬೇಕು. ಭಾನುವಾರ ಚರ್ಚ್‌ಗೆ ಹೋಗಬೇಕು. ನಡತೆ ಸರಿಯಿಲ್ಲ ಅಂತ ದೂರು ಬಂದರೆ ಕೆಲಸ ಹೋಗುತ್ತದೆ. ಹುಡುಗಿಯರಿಗೆ ಇದು ಕಟ್ಟುಪಾಡು. ಊರಿನಲ್ಲಿದ್ದ ಅಮ್ಮನಿಗೆ ಇದೇ ಧೈರ್ಯ.

ಬೋರ್ಡಿಂಗ್ ಮನೆ ಅಂದರೆ ಹೇಗಿತ್ತು?

ನಮ್ಮ ಕಡೆ ಲೇಡೀಸ್ ಪಿ.ಜಿ.ಯಲ್ಲಿ ಇದ್ದವರಿಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ. ಇಟ್ಟಿಗೆಯ ಸಾಲುಮನೆಗಳು. ಒಂದೊಂದರಲ್ಲಿ ಇಪ್ಪತ್ತರಿಂದ ನಲವತ್ತು ಹುಡುಗಿಯರು. ನೋಡಿಕೊಳ್ಳುವವಳು ಹೆಚ್ಚಾಗಿ ಗಂಡ ಸತ್ತ, ಮಕ್ಕಳಿರುವ ಹೆಂಗಸು. ಕೆಳಗೆ ಊಟದ ಕೋಣೆ, ಅಡುಗೆಮನೆ. ಮೇಲೆ ಮಲಗುವ ಕೋಣೆಗಳು. ಒಂದು ಕೋಣೆಯಲ್ಲಿ ನಾಲ್ವರಿಂದ ಎಂಟು ಜನ, ಒಂದು ಹಾಸಿಗೆಗೆ ಇಬ್ಬರು. ಮಂಚದ ನಡುವಿನ ಸಂದಿಯಲ್ಲಿ ಪೆಟ್ಟಿಗೆಗಳು, ಟೋಪಿ ಡಬ್ಬಿಗಳು. ಓದಲು, ಕಾಗದ ಬರೆಯಲು, ಅಳಲು, ಜ್ವರ ಬಂದರೆ ಮಲಗಲು ಇರುವುದು ಅದೇ ಜಾಗ.

ಊಟ, ವಸತಿಗೆ 1830ರ ದಶಕದಲ್ಲಿ ವಾರಕ್ಕೆ 1 ಡಾಲರ್ 25 ಸೆಂಟ್ ಹಿಡಿಯುತ್ತಿದ್ದರು. ಕೆಲಸ ಪಳಗಿದವಳಿಗೆ ವಾರಕ್ಕೆ 3 ಡಾಲರ್ ಆಸುಪಾಸು ಬರುತ್ತಿತ್ತು. ಹೊಸಬಳಿಗೆ ಕಡಿಮೆ. ಮೇರಿ ಪಾಲ್ 1845ರ ಡಿಸೆಂಬರಿನಲ್ಲಿ ಲೆಕ್ಕ ಬರೆದಿದ್ದಾಳೆ: ಕೈಗೆ ಬಂದದ್ದು 6 ಡಾಲರ್ 60 ಸೆಂಟ್, ಬೋರ್ಡಿಂಗ್‌ಗೆ ಹೋದದ್ದು 4 ಡಾಲರ್ 68 ಸೆಂಟ್. ಉಳಿದದ್ದರಲ್ಲಿ ಮಳೆಗೆ ಹಾಕುವ ರಬ್ಬರ್ ಜೋಡು ಮತ್ತು 50 ಸೆಂಟಿನ ಒಂದು ಜೊತೆ ಬೂಟು ಕೊಂಡಳು. ಸ್ವಂತ ದುಡಿಮೆಯ ಬೂಟು. ಆ ಸಾಲು ಓದಿದಾಗಲೆಲ್ಲ ನನಗೆ ಅವಳ ಮುಖ ಕಂಡಂತಾಗುತ್ತದೆ.

ದಿನಕ್ಕೆ 12, 13 ಗಂಟೆ ಕೆಲಸ. ಗೆಳೆತನಕ್ಕೆ ಹೊತ್ತು ಎಲ್ಲಿತ್ತು?

ಕೆಲಸದ ಒಳಗೇ ಇತ್ತು. ಹೊಸ ಹುಡುಗಿ ಬಂದರೆ ಅವಳಿಗೆ ನೇರವಾಗಿ ಮಗ್ಗ ಕೊಡುತ್ತಿರಲಿಲ್ಲ. ಪಳಗಿದ ಒಬ್ಬಳ ಪಕ್ಕ ನಿಲ್ಲಿಸುತ್ತಿದ್ದರು. ಹರಿದ ಎಳೆ ಗಂಟು ಹಾಕುವುದು, ಲಾಳಿಗೆ ಹೊಸ ಕಂಡಿಕೆ ಹಾಕುವುದು, ಮಗ್ಗ ನಿಲ್ಲಿಸುವುದು ಎಲ್ಲವನ್ನೂ ಅವಳ ಕೈ ನೋಡಿ ಕಲಿಯಬೇಕು. ವಾರಗಟ್ಟಲೆ ಹೀಗೆ ಒಟ್ಟಿಗೆ ನಿಂತವರು ಅಪರಿಚಿತರಾಗಿ ಉಳಿಯುವುದುಂಟೇ?

ಕಲಿತ ಮೇಲೂ ಒಬ್ಬರಿಗೊಬ್ಬರು ಬೇಕು. ತಲೆ ಸುತ್ತಿತು, ಸ್ವಲ್ಪ ಹೊರಗೆ ಹೋಗಬೇಕು ಅಂದರೆ ಪಕ್ಕದವಳು ಎರಡು ಮಗ್ಗದ ಜೊತೆಗೆ ಇವಳದ್ದನ್ನೂ ನೋಡಿಕೊಳ್ಳುತ್ತಿದ್ದಳು. ಕೂಲಿ ಬರುತ್ತಿದ್ದದ್ದು ನೇಯ್ದಷ್ಟಕ್ಕೆ. ಹಾಗಾಗಿ ಆ ಸಹಾಯ ಬರೀ ಮಾತಿನದ್ದಾಗಿರಲಿಲ್ಲ, ಇನ್ನೊಬ್ಬಳ ಅಂದಿನ ಸಂಪಾದನೆ ಉಳಿಸಿಕೊಟ್ಟ ಹಾಗೆ.

ನೇಯ್ಗೆ ಕೋಣೆಯ ಗದ್ದಲದಲ್ಲಿ ಮಾತಾಡಿದರೆ ಕೇಳಿಸುತ್ತಿರಲಿಲ್ಲ. ಎಳೆ ಹರಿಯಬಾರದು ಅಂತ ಕಿಟಕಿ ಮುಚ್ಚಿ, ಒಳಗೆ ತೇವ ಇಡುತ್ತಿದ್ದರು. ಪುಸ್ತಕ ತರಬಾರದು ಅಂತ ನಿಯಮ ಇತ್ತು. ಆದರೂ ಹುಡುಗಿಯರು ದಾರಿ ಕಂಡುಕೊಂಡರು. ಮುಂದೆ ಕವಿಯಾಗಿ ಹೆಸರಾದ ಲೂಸಿ ಲಾರ್ಕಮ್ ತಾನು ಕೆಲಸ ಮಾಡುವ ಕಿಟಕಿಯ ಪಕ್ಕ ಪತ್ರಿಕೆಯಲ್ಲಿ ಬಂದ ಪದ್ಯಗಳನ್ನು ಕತ್ತರಿಸಿ ಅಂಟಿಸಿದ್ದಳು. ಕೈ ಕೆಲಸದಲ್ಲಿ, ಕಣ್ಣು ಪದ್ಯದಲ್ಲಿ.

ರಾತ್ರಿ ಏಳೂವರೆಯ ಊಟ ಮುಗಿದರೆ ಬಾಗಿಲು ಹಾಕುವ ತನಕ ಅವರದ್ದೇ ಹೊತ್ತು. ಬಟ್ಟೆ ಹೊಲಿದುಕೊಳ್ಳುತ್ತಿದ್ದರು. ಬಾಡಿಗೆ ಲೈಬ್ರರಿಯ ಪುಸ್ತಕ ಒಬ್ಬಳು ಓದಿದರೆ ಹತ್ತು ಜನ ಕೇಳುತ್ತಿದ್ದರು. ಕೆಲವರು ಸೇರಿ ಬರೆದದ್ದನ್ನು ಒಬ್ಬರಿಗೊಬ್ಬರು ಓದಿ ಹೇಳುವ ಕೂಟ ಮಾಡಿಕೊಂಡರು. ಅಂಥ ಕೂಟಗಳಿಂದಲೇ 1840ರಲ್ಲಿ ಲೋವೆಲ್ ಆಫರಿಂಗ್ ಎಂಬ ಪತ್ರಿಕೆ ಹುಟ್ಟಿತು. ಬರೆದವರು ಗಿರಣಿಯ ಹುಡುಗಿಯರು. ಕೆಲಕಾಲದ ನಂತರ ಸಂಪಾದಕರೂ ಅವರಲ್ಲೇ ಇಬ್ಬರು: ಹ್ಯಾರಿಯೆಟ್ ಫಾರ್ಲಿ ಮತ್ತು ಹ್ಯಾರಿಯೆಟ್ ಕರ್ಟಿಸ್. 1842ರಲ್ಲಿ ಲೋವೆಲ್ ನೋಡಲು ಬಂದ ಇಂಗ್ಲಿಷ್ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಮೂರು ಸಂಗತಿಗೆ ಬೆರಗಾದರು. ಬೋರ್ಡಿಂಗ್ ಮನೆಗಳಲ್ಲಿ ಪಿಯಾನೋ ಇದೆ, ಹುಡುಗಿಯರು ಲೈಬ್ರರಿಗೆ ದುಡ್ಡು ಕಟ್ಟುತ್ತಾರೆ, ಅವರದೇ ಪತ್ರಿಕೆ ಇದೆ. ಇಂಗ್ಲೆಂಡಿನ ತಮ್ಮ ಓದುಗರು ಇದನ್ನು ನಂಬಲಿಕ್ಕಿಲ್ಲ ಅಂತ ಅವರಿಗೆ ಅನ್ನಿಸಿತ್ತು.

ಒಂದೇ ಹಾಸಿಗೆಯಲ್ಲಿ ಮಲಗುತ್ತಿದ್ದರು, ಮುತ್ತು ಕೊಟ್ಟು ಕಾಗದ ಬರೆಯುತ್ತಿದ್ದರು. ಇದು ಗೆಳೆತನವಾ, ಪ್ರೇಮವಾ?

ಈ ಪ್ರಶ್ನೆ ಎಲ್ಲರೂ ಕೇಳುತ್ತಾರೆ, ಕೇಳಬೇಕಾದದ್ದೇ. ಹಾಸಿಗೆ ಹಂಚಿಕೊಳ್ಳುವುದು ಆಗ ಮಾಮೂಲು. ಮನೆಯಲ್ಲಿ ಅಕ್ಕತಂಗಿಯರು ಹಾಗೇ ಮಲಗುತ್ತಿದ್ದರು, ಊರು ಬದಲಾದರೂ ಅಭ್ಯಾಸ ಬದಲಾಗಲಿಲ್ಲ. ಹೆಂಗಸರು ಹೆಂಗಸರಿಗೆ ಬರೆದ ಕಾಗದಗಳಲ್ಲಿ ಪ್ರಿಯೆ, ನನ್ನ ಜೀವವೇ, ನಿನ್ನ ತೋಳಿಲ್ಲದೆ ನಿದ್ದೆ ಇಲ್ಲ ಅನ್ನುವಂಥ ಮಾತು ಧಾರಾಳವಾಗಿ ಇರುತ್ತಿತ್ತು. ಯಾರೂ ಹುಬ್ಬೇರಿಸುತ್ತಿರಲಿಲ್ಲ. ಗಂಡು ಹೆಣ್ಣಿನ ನಡುವೆ ಅಷ್ಟು ಬಿಚ್ಚಿ ಬರೆಯುವುದೇ ಕಷ್ಟವಾಗಿತ್ತು.

ಹಾಗಂತ ಎಲ್ಲವನ್ನೂ ಬರೀ ಗೆಳೆತನ ಅಂತ ಒಂದೇ ಚೀಲಕ್ಕೆ ಹಾಕುವುದು ನನಗೆ ಒಪ್ಪಿಗೆ ಇಲ್ಲ. ಕೆಲವರ ಬಾಳಿನಲ್ಲಿ ಅದೇ ಎಲ್ಲಕ್ಕಿಂತ ದೊಡ್ಡ ಪ್ರೀತಿಯಾಗಿತ್ತು. ಅಂಥ ಇಬ್ಬರ ಕಥೆ ಈ ಪುಟದ ಕೊನೆಯಲ್ಲಿದೆ.

ಗೆಳತಿಯರು ಕೊಡುತ್ತಿದ್ದ ನೆನಪಿನ ಕಾಣಿಕೆಗಳೂ ಚೆನ್ನ. ಕೂದಲಿನ ಒಂದು ಎಳೆ ಹೆಣೆದು ಕೊಡುತ್ತಿದ್ದರು. ಹಸ್ತಾಕ್ಷರದ ಆಲ್ಬಮ್ಮಿನಲ್ಲಿ ನಾಲ್ಕು ಸಾಲು ಬರೆಯುತ್ತಿದ್ದರು. 1840ರ ದಶಕದಲ್ಲಿ ಹೆಸರು ಬರೆದ ಬಟ್ಟೆಯ ತುಂಡುಗಳನ್ನು ಸೇರಿಸಿ ಕೌದಿ ಹೊಲಿಯುವುದು ಬಹಳ ಚಾಲ್ತಿಗೆ ಬಂತು. ಪಶ್ಚಿಮಕ್ಕೆ ವಲಸೆ ಹೋಗುವವಳಿಗೆ, ಮದುವೆಯಾಗಿ ಹೋಗುವವಳಿಗೆ ಗೆಳತಿಯರೆಲ್ಲರ ಹೆಸರಿರುವ ಕೌದಿ. ಹೊದ್ದು ಮಲಗಿದರೆ ಎಲ್ಲರೂ ಜೊತೆಗಿದ್ದ ಹಾಗೆ.

ಜಗಳ ಆಗುತ್ತಿರಲಿಲ್ಲವೇ?

ಆಗದೆ ಇರುತ್ತದೆಯೇ! ಎಂಟು ಜನ ಒಂದು ಕೋಣೆ, ಒಂದು ದೀಪ. ಜೊತೆಗೆ ಒಬ್ಬಳ ನಡತೆಯ ಮೇಲೆ ಉಳಿದವರ ಕಣ್ಣು ಇರುತ್ತಿತ್ತು. ಒಬ್ಬಳಿಗೆ ಕೆಟ್ಟ ಹೆಸರು ಬಂದರೆ ಮನೆಗೇ ಬರುತ್ತದೆ ಅನ್ನುವ ಭಯ. ಹಾಗಾಗಿ ಕೆಲವರನ್ನು ಉಳಿದವರೇ ದೂರ ಮಾಡಿ ಹೊರಗೆ ಹಾಕಿಸಿದ್ದೂ ಉಂಟು. ಗೆಳೆತನದ ಈ ಮುಖವನ್ನು ಮರೆಮಾಡಬಾರದು.

ಹುಡುಗರು ಎಲ್ಲಿ ಸಿಗುತ್ತಿದ್ದರು?

ಗಿರಣಿಯ ಒಳಗೆ ಗಂಡಸರು ಇದ್ದರು, ಆದರೆ ಹೆಚ್ಚಾಗಿ ಮೇಲಿನ ಸ್ಥಾನದಲ್ಲಿ: ಕೋಣೆಯ ಮೇಸ್ತ್ರಿ, ಅವನ ಸಹಾಯಕ, ಯಂತ್ರ ರಿಪೇರಿಯವರು. ಊರಿನಲ್ಲಿ ಯಂತ್ರ ತಯಾರಿಸುವ ದೊಡ್ಡ ಕಾರ್ಖಾನೆಯಿತ್ತು, ಅಲ್ಲಿ ಕುಶಲ ಕೆಲಸಗಾರ ಹುಡುಗರು ತುಂಬಾ ಇದ್ದರು. ಗಂಡಸರಿಗೆ ಬೇರೆ ಬೋರ್ಡಿಂಗ್ ಮನೆ.

ಭೇಟಿಗೆ ಚರ್ಚ್ ಮುಖ್ಯ ಜಾಗ. ಭಾನುವಾರ ಒಂದೇ ರಜೆ. ಪ್ರಾರ್ಥನೆ, ಭಾನುವಾರದ ಶಾಲೆ, ಹಾಡು ಕಲಿಸುವ ತರಗತಿ, ಆಮೇಲೆ ಕಾಲುವೆ ದಂಡೆಯಲ್ಲಿ ನಡಿಗೆ. ವಾರದ ದಿನ ಸಂಜೆ ಉಪನ್ಯಾಸಗಳು. ಹೆಸರಾಂತ ಚಿಂತಕ ಎಮರ್ಸನ್ ಅವರಂಥವರೂ ಬಂದು ಮಾತಾಡುತ್ತಿದ್ದರು. ಸಭೆಯಲ್ಲಿ ಗಿರಣಿಯ ಹುಡುಗಿಯರೇ ಜಾಸ್ತಿ. ಅವರು ನೋಟ್ಸ್ ಬರೆದುಕೊಳ್ಳುವ ಪರಿ ನೋಡಿ ಹಾರ್ವರ್ಡಿನಿಂದ ಬಂದ ಪ್ರಾಧ್ಯಾಪಕರೊಬ್ಬರು ಆಶ್ಚರ್ಯಪಟ್ಟಿದ್ದರು.

ಹುಡುಗ ಬೋರ್ಡಿಂಗ್ ಮನೆಗೆ ಬಂದರೆ ಕೂರುವುದು ಮುಂದಿನ ಕೋಣೆಯಲ್ಲಿ, ಉಳಿದವರ ಎದುರಿಗೆ. ಅವನು ಎದ್ದು ಹೋದ ಮೇಲೆ ಮೇಲಿನ ಕೋಣೆಯಲ್ಲಿ ಅವನ ಬೂಟು, ಮಾತು, ನಗು ಎಲ್ಲದರ ವಿಚಾರಣೆ! ಊರಿನಲ್ಲಾಗಿದ್ದರೆ ಹುಡುಗನ ಮನೆತನ ಎಲ್ಲರಿಗೂ ಗೊತ್ತಿರುತ್ತಿತ್ತು. ಇಲ್ಲಿ ಅವನು ಯಾರೋ ಏನೋ. ಅವನ ಬಗ್ಗೆ ತಿಳಿದುಕೊಂಡು ಬರುವ ಕೆಲಸವನ್ನು, ನಮ್ಮಲ್ಲಿ ಸೋದರಮಾವ ಮಾಡುವ ಕೆಲಸವನ್ನು, ಗೆಳತಿಯರು ಮಾಡಿದರು.

ತುಂಬಾ ಜನರಿಗೆ ಊರಿನಲ್ಲೇ ಒಬ್ಬ ಇರುತ್ತಿದ್ದ. ವರ್ಷಕ್ಕೊಮ್ಮೆ, ಹೆಚ್ಚಾಗಿ ಬೇಸಿಗೆಯಲ್ಲಿ, ಕೆಲವು ವಾರ ಊರಿಗೆ ಹೋಗಿ ಬರುವ ರೂಢಿಯಿತ್ತು. ಉಳಿದ ದಿನ ಕಾಗದವೇ ಗತಿ.

ಪ್ರೇಮಪತ್ರ ಬರೆಯುತ್ತಿದ್ದರಾ? ಅಂಚೆ ಖರ್ಚು ಎಷ್ಟು?

ಬರೆಯುತ್ತಿದ್ದರು, ಆದರೆ ಅಳೆದು ಬರೆಯುತ್ತಿದ್ದರು. 1845ಕ್ಕೆ ಮುಂಚೆ ಅಮೆರಿಕದಲ್ಲಿ ಅಂಚೆ ದರ ದೂರದ ಮೇಲೆ, ಹಾಳೆಯ ಲೆಕ್ಕದ ಮೇಲೆ ಇತ್ತು. 30ರಿಂದ 80 ಮೈಲಿ ದೂರಕ್ಕೆ ಒಂದು ಹಾಳೆಗೆ 10 ಸೆಂಟ್, 400 ಮೈಲಿ ದಾಟಿದರೆ 25 ಸೆಂಟ್. ಸಾಮಾನ್ಯವಾಗಿ ದುಡ್ಡು ಕೊಡುವವರು ಪಡೆದವರು. ದಿನಕ್ಕೆ 50 ಸೆಂಟ್ ದುಡಿಯುವವಳಿಗೆ ಇದು ಸಣ್ಣ ಖರ್ಚಲ್ಲ. ಅದಕ್ಕೇ ಒಂದೇ ಹಾಳೆಯಲ್ಲಿ ಉದ್ದಕ್ಕೆ ಬರೆದು, ಹಾಳೆ ತಿರುಗಿಸಿ ಅದರ ಮೇಲೇ ಅಡ್ಡಕ್ಕೂ ಬರೆಯುವ ಅಭ್ಯಾಸ ಇತ್ತು. ಊರಿಗೆ ಹೊರಟ ಗೆಳತಿಯ ಪೆಟ್ಟಿಗೆಯಲ್ಲಿ ಐದಾರು ಜನರ ಕಾಗದ ಸೇರುತ್ತಿದ್ದವು. ಅವಳೇ ಅಂಚೆಯವಳು. 1845ರಲ್ಲಿ 300 ಮೈಲಿಯವರೆಗೆ 5 ಸೆಂಟ್ ಅಂತ ಇಳಿಸಿದರು, 1851ರಲ್ಲಿ ಮುಂಗಡ ಕಟ್ಟಿದರೆ 3 ಸೆಂಟ್. ಕಾಗದಗಳು ಜಾಸ್ತಿಯಾದವು.

ಅದೇ ರಾಜ್ಯದ ವುಸ್ಟರ್ ಊರಿನ ಎಸ್ತರ್ ಹೌಲ್ಯಾಂಡ್ ಕಥೆಯನ್ನೂ ಇಲ್ಲಿ ಹೇಳಬೇಕು. 1840ರ ದಶಕದ ಕೊನೆಗೆ ಅವಳು ಲೇಸು ಕಾಗದ, ಬಣ್ಣದ ಚಿತ್ರ ಅಂಟಿಸಿ ವ್ಯಾಲೆಂಟೈನ್ ಕಾರ್ಡ್ ಮಾಡತೊಡಗಿದಳು. ಬೇಡಿಕೆ ನಿರೀಕ್ಷೆ ಮೀರಿ ಬಂತು. ಗೆಳತಿಯರನ್ನು ಮನೆಯ ಮೇಜಿನ ಸುತ್ತ ಕೂರಿಸಿದಳು. ಒಬ್ಬಳು ಕತ್ತರಿಸುವುದು, ಒಬ್ಬಳು ಅಂಟಿಸುವುದು, ಒಬ್ಬಳು ಹಾಳೆ ಜೋಡಿಸುವುದು. ಬೇರೆಯವರ ಪ್ರೇಮಕ್ಕೆ ಕಾರ್ಡು ಮಾಡಿ ಈ ಹುಡುಗಿಯರು ಕೂಲಿ ಪಡೆದರು. ಎಸ್ತರ್ ಮದುವೆಯಾಗಲಿಲ್ಲ.

ಗಿರಣಿಯ ಹುಡುಗಿ ಅಂದರೆ ಮದುವೆ ಮಾರುಕಟ್ಟೆಯಲ್ಲಿ ಕೆಟ್ಟ ಹೆಸರಿತ್ತಾ?

ಕೆಲವರು ಹಾಗೆ ಬರೆದರು. 1840ರಲ್ಲಿ ಒರೆಸ್ಟೀಸ್ ಬ್ರೌನ್ಸನ್ ಎಂಬ ಲೇಖಕ, ಕಾರ್ಖಾನೆಯಲ್ಲಿ ದುಡಿದಿದ್ದಾಳೆ ಅನ್ನುವ ಮಾತೇ ಒಳ್ಳೆಯ ಹುಡುಗಿಯ ಮಾನ ತೆಗೆಯಲು ಸಾಕು ಅಂತ ಬರೆದರು. ಅವರ ಸಿಟ್ಟು ಇದ್ದದ್ದು ಗಿರಣಿ ಮಾಲೀಕರ ಮೇಲೆ. ಏಟು ಬಿದ್ದದ್ದು ಮಾತ್ರ ಹುಡುಗಿಯರ ಮೇಲೆ. ಆಫರಿಂಗ್ ಪತ್ರಿಕೆಯಲ್ಲಿ ಅದೇ ವರ್ಷ ಖಾರವಾದ ಉತ್ತರ ಬಂತು. ಬರೆದವಳು ಒಬ್ಬ ಗಿರಣಿ ಹುಡುಗಿ ಅಂತಲೇ ಸಹಿ ಹಾಕಿದ್ದಳು. ತಮ್ಮ ಮಾನ ತಾವೇ ಕಾಯಬಲ್ಲೆವು, ಬರೆಯಬಲ್ಲೆವು ಅಂತ ತೋರಿಸಿದರು. ನನಗೆ ಆ ಇಡೀ ಜಗಳದಲ್ಲಿ ಇಷ್ಟವಾಗುವುದು ಆ ಸಹಿ.

ನಿಜ ಸ್ಥಿತಿ ಬೇರೆಯೇ ಇತ್ತು. ಗಿರಣಿಯಿಂದ ಊರಿಗೆ ಬಂದವಳ ಮೈಮೇಲೆ ಹೊಸ ಬಟ್ಟೆ, ಕೈಯಲ್ಲಿ ಉಳಿತಾಯ, ಮಾತಿನಲ್ಲಿ ಪಟ್ಟಣದ ಚುರುಕು. ತಂಗಿಯರು ಬಾಯಿಬಿಟ್ಟು ನೋಡುತ್ತಿದ್ದರು.

ಮೋಸ ಹೋದವರು ಇರಲಿಲ್ಲವೇ?

ಇದ್ದರು. ಸಾರಾ ಮರಿಯಾ ಕಾರ್ನೆಲ್ ಎಂಬಾಕೆ ಲೋವೆಲ್ ಸೇರಿ ಹಲವು ಊರಿನ ಗಿರಣಿಗಳಲ್ಲಿ ದುಡಿದವಳು. 1832ರ ಡಿಸೆಂಬರಿನಲ್ಲಿ ರೋಡ್ ಐಲ್ಯಾಂಡಿನ ಟಿವರ್ಟನ್ ಬಳಿ ಒಂದು ಹೊಲದಲ್ಲಿ ಅವಳ ಶವ ನೇಣು ಹಾಕಿದ ಸ್ಥಿತಿಯಲ್ಲಿ ಸಿಕ್ಕಿತು. ಅವಳು ಗರ್ಭಿಣಿ. ತಾನು ಕಾಣೆಯಾದರೆ ಪಾದ್ರಿ ಏವರಿಯವರನ್ನು ಕೇಳಿ ಅಂತ ಚೀಟಿ ಬರೆದಿಟ್ಟಿದ್ದಳು. ಮೆಥಡಿಸ್ಟ್ ಪಾದ್ರಿ ಎಫ್ರೇಮ್ ಏವರಿಯ ಮೇಲೆ ಕೊಲೆ ಮೊಕದ್ದಮೆ ನಡೆಯಿತು. 1833ರಲ್ಲಿ ಜ್ಯೂರಿ ಅವರನ್ನು ನಿರ್ದೋಷಿ ಎಂದಿತು. ಅಂಥ ವಿಚಾರಣೆಯಲ್ಲಿ ಆಗುವಂತೆ ಸತ್ತವಳ ನಡತೆಯೇ ಕಟಕಟೆಯಲ್ಲಿ ನಿಂತಿತು. ಅವಳು ಎಲ್ಲೆಲ್ಲಿ ಕೆಲಸ ಮಾಡಿದಳು, ಯಾರ ಜೊತೆ ಮಾತಾಡಿದಳು ಅಂತ ಸಾಕ್ಷಿಗಳನ್ನು ಕೇಳಿದರು.

ಅವಳು ಊರಿಂದ ಊರಿಗೆ ಅಲೆದವಳು ಅನ್ನುವುದನ್ನು ಗಮನಿಸಿ. ಗುರುತಿನವರ ಬಲೆ ಒಂದು ಕಡೆ ಗಟ್ಟಿಯಾಗುವ ಮೊದಲೇ ಮುಂದಿನ ಊರು. ಪಕ್ಕದಲ್ಲಿ ನಿಲ್ಲುವವರು ಇಲ್ಲದವಳ ಸ್ಥಿತಿ ಎಷ್ಟು ಅಪಾಯದ್ದು ಅಂತ ಈ ಕಥೆ ಓದಿದರೆ ಮೈ ನಡುಗುತ್ತದೆ.

ಕಾನೂನಿನಲ್ಲಿ ಒಂದು ದಾರಿ ಇತ್ತು. ಮದುವೆಯ ಮಾತು ಕೊಟ್ಟು ತಪ್ಪಿದ ಗಂಡಸಿನ ಮೇಲೆ ಹೆಣ್ಣು ದಾವೆ ಹೂಡಿ ಪರಿಹಾರ ಕೇಳಬಹುದಿತ್ತು. ಅವನ ಕಾಗದಗಳೇ ಸಾಕ್ಷಿ.

ವರದಕ್ಷಿಣೆಗಾಗಿ ದುಡಿಯುತ್ತಿದ್ದರಾ?

ನಮ್ಮ ಅರ್ಥದ ವರದಕ್ಷಿಣೆ ಅಲ್ಲಿರಲಿಲ್ಲ. ಹೊಸ ಸಂಸಾರಕ್ಕೆ ಹಾಸಿಗೆ, ಬಟ್ಟೆ, ಪಾತ್ರೆಗೆ ಅಂತ ಕೂಡಿಡುತ್ತಿದ್ದರು. ಕೆಲವರು ಹೊಲದ ಸಾಲ ತೀರಿಸಲು ಮನೆಗೆ ಕಳಿಸಿದರು. ಇನ್ನೊಂದು ಕಾರಣ ಮನಸ್ಸಿಗೆ ನಾಟುತ್ತದೆ. ಹತ್ತನೇ ವಯಸ್ಸಿಗೆ ಗಿರಣಿ ಸೇರಿದ ಹ್ಯಾರಿಯೆಟ್ ಹ್ಯಾನ್ಸನ್ ಮುಂದೆ ಬರೆದಂತೆ, ಹುಡುಗಿಯರು ದುಡಿಯಲು ಬಹು ದೊಡ್ಡ ಕಾರಣ ಅಣ್ಣನನ್ನೋ ತಮ್ಮನನ್ನೋ ಕಾಲೇಜು ಓದಿಸುವುದು. ಆಗ ಹೆಣ್ಣುಮಕ್ಕಳಿಗೆ ಹೆಚ್ಚಿನ ಕಾಲೇಜುಗಳ ಬಾಗಿಲು ಮುಚ್ಚಿತ್ತು. ಓದುವ ಆಸೆ ಅವಳದ್ದು, ಓದಿದ್ದು ತಮ್ಮ.

ಮದುವೆ ಎಷ್ಟನೇ ವಯಸ್ಸಿಗೆ ಆಗುತ್ತಿತ್ತು?

ಗಿರಣಿಯಲ್ಲಿ ದುಡಿದವರು ಹೆಚ್ಚುಕಮ್ಮಿ 25ರ ಹೊತ್ತಿಗೆ. ಊರಿನಲ್ಲೇ ಉಳಿದ ಓರಗೆಯವರಿಗಿಂತ ಒಂದೆರಡು ವರ್ಷ ತಡ. ಹೆಚ್ಚಿನವರು ಕೆಲವು ವರ್ಷ ದುಡಿದು, ಕೊನೆಗೆ ಮದುವೆಯಾದರು. ಆದರೆ ಗಂಡ ರೈತನೇ ಆಗಿರಲಿಲ್ಲ. ಯಂತ್ರದ ಕೆಲಸದವರು, ಬಡಗಿಗಳು, ಅಂಗಡಿಯವರು, ಒಬ್ಬೊಬ್ಬರಿಗೆ ಪತ್ರಿಕೆಯವರು. ಹ್ಯಾರಿಯೆಟ್ ಹ್ಯಾನ್ಸನ್ ಪದ್ಯಗಳನ್ನು ಸ್ಥಳೀಯ ಪತ್ರಿಕೆಯಲ್ಲಿ ಹಾಕಿದವರು ವಿಲಿಯಂ ರಾಬಿನ್ಸನ್. ಆ ಪರಿಚಯ ಬೆಳೆದು 1848ರಲ್ಲಿ ಮದುವೆಯಾಯಿತು. ಮದುವೆಗೆ ಮುಂಚೆ ಅವನು ಓದಿದ್ದು ಅವಳ ಬರಹ. ಆ ಕಾಲಕ್ಕೆ ಇದು ಎಂಥ ಪರಿಚಯ!

ಮದುವೆಯಾದ ಮೇಲೆ ಅವಳ ದುಡ್ಡು ಯಾರದು?

ಗಂಡನದು. ಹೆಂಡತಿಯ ಕೂಲಿ, ಆಸ್ತಿ ಎಲ್ಲ ಗಂಡನ ಕೈಗೆ ಅನ್ನುವುದೇ ಹಳೆಯ ಕಾನೂನು. ಮ್ಯಾಸಚೂಸೆಟ್ಸ್‌ನಲ್ಲಿ 1855ರ ಕಾನೂನು ಬಂದ ಮೇಲೆ ಸ್ಥಿತಿ ಸುಧಾರಿಸಿತು. ಅಲ್ಲಿಯವರೆಗೆ ಗಂಡನ ಕಾಟ ತಾಳದೆ ಓಡಿಬಂದ ಹೆಂಗಸರು ಲೋವೆಲ್ಲಿನಲ್ಲಿ ಸುಳ್ಳು ಹೆಸರಿನಲ್ಲಿ ದುಡಿಯುತ್ತಿದ್ದರು. ಹೆಸರು ಸಿಕ್ಕರೆ ಗಂಡ ಕೂಲಿಗೆ ಕೈ ಹಾಕುತ್ತಿದ್ದ. ಹೊರಗಿನವರು ಗಿರಣಿ ನೋಡಲು ಬಂದರೆ ಆ ಹೆಂಗಸರು ಮಗ್ಗದ ಹಿಂದೆ ಅಡಗಿಕೊಳ್ಳುತ್ತಿದ್ದರು ಅಂತ ಹ್ಯಾರಿಯೆಟ್ ಹ್ಯಾನ್ಸನ್ ಬರೆದಿದ್ದಾಳೆ.

ಇಪ್ಪತ್ತು ವರ್ಷದ ಹುಡುಗಿ ಇದನ್ನು ಪಕ್ಕದ ಮಗ್ಗದಲ್ಲೇ ದಿನಾ ನೋಡುತ್ತಿದ್ದಳು. ಮದುವೆಗೆ ಹೂಂ ಅನ್ನುವ ಮೊದಲು ಅವಳು ಎರಡು ಸಲ ಯೋಚಿಸಿದ್ದರೆ ಅದರಲ್ಲಿ ಆಶ್ಚರ್ಯ ಏನಿದೆ?

ಮುಷ್ಕರ ಮಾಡಿದರು ಅಂತ ಕೇಳಿದ್ದೇವೆ. ಅದಕ್ಕೂ ಗೆಳೆತನಕ್ಕೂ ಏನು ಸಂಬಂಧ?

ತುಂಬಾ ಸಂಬಂಧ ಇದೆ. 1834ರ ಫೆಬ್ರವರಿಯಲ್ಲಿ ಕೂಲಿ ಕಡಿತದ ಸುದ್ದಿ ಬಂತು. ಮುಂದಾಳಾಗಿದ್ದ ಒಬ್ಬಳನ್ನು ಕೆಲಸದಿಂದ ತೆಗೆದರು. ಅವಳು ಹೊರಡುವಾಗ ತನ್ನ ಟೋಪಿ ಎತ್ತಿ ಬೀಸಿದಳು, ಕಿಟಕಿಯಿಂದ ನೋಡುತ್ತಿದ್ದವರು ಕೆಲಸ ಬಿಟ್ಟು ಹಿಂದೆ ಬಂದರು. ಸುಮಾರು 800 ಹುಡುಗಿಯರು ಬೀದಿಗೆ ಇಳಿದರು. ಕೆಲವೇ ದಿನದಲ್ಲಿ ಆ ಮುಷ್ಕರ ಸೋತಿತು.

1836ರ ಅಕ್ಟೋಬರಿನಲ್ಲಿ ಬೋರ್ಡಿಂಗ್ ದರ ಏರಿಸಿದಾಗ ಇನ್ನೂ ಜಾಸ್ತಿ ಜನ, 1,500ಕ್ಕೂ ಹೆಚ್ಚು ಹುಡುಗಿಯರು ಹೊರಬಂದರು. ಆಗ ಹ್ಯಾರಿಯೆಟ್ ಹ್ಯಾನ್ಸನ್‌ಗೆ 11 ವರ್ಷ. ಅವಳ ಕೋಣೆಯ ದೊಡ್ಡ ಹುಡುಗಿಯರು ಹೋಗುವುದೋ ಬೇಡವೋ ಅಂತ ಹಿಂಜರಿಯುತ್ತಿದ್ದರು. ನೀವು ಏನಾದರೂ ಮಾಡಿ, ನಾನು ಹೋಗುತ್ತೇನೆ ಅಂತ ಈ ಪುಟ್ಟ ಹುಡುಗಿ ಹೊರಟಳು. ತಿರುಗಿ ನೋಡಿದರೆ ಹಿಂದೆ ಉದ್ದ ಸಾಲು. ಬಾಳಿನಲ್ಲಿ ಮುಂದೆ ಸಿಕ್ಕ ಯಾವ ಗೆಲುವೂ ಅಷ್ಟು ಹೆಮ್ಮೆ ಕೊಡಲಿಲ್ಲ ಅಂತ ಅವಳು ಮುದುಕಿಯಾದ ಮೇಲೆ ಬರೆದಳು. ಅದರ ಬೆಲೆ ಅಮ್ಮ ತೆತ್ತಳು. ಬೋರ್ಡಿಂಗ್ ಮನೆ ನಡೆಸುತ್ತಿದ್ದ ಆ ವಿಧವೆಯನ್ನು ಕಂಪನಿ ತೆಗೆದುಹಾಕಿತು. ದೊಡ್ಡ ಹುಡುಗಿಯರನ್ನು ತಡೆಯಲು ನಿನ್ನಿಂದ ಆಗದೆ ಇರಬಹುದು, ಸ್ವಂತ ಮಗಳನ್ನು ತಡೆಯಬಹುದಿತ್ತಲ್ಲ ಅನ್ನುವುದು ಅವರ ವಾದ.

ಒಂದೇ ಮನೆಯಲ್ಲಿ ಉಂಡು, ಒಂದೇ ಕೋಣೆಯಲ್ಲಿ ದುಡಿದವರು ಇವರು. ಒಬ್ಬಳು ಹೊರಟರೆ ಉಳಿದವಳು ರಾತ್ರಿ ಅವಳ ಪಕ್ಕ ಯಾವ ಮುಖ ಇಟ್ಟುಕೊಂಡು ಮಲಗುತ್ತಾಳೆ? 1840ರ ದಶಕದಲ್ಲಿ ಗಿರಣಿಯಲ್ಲೇ ದುಡಿದ ಸಾರಾ ಬ್ಯಾಗ್ಲಿ ಮುಂದಾಳುತನದಲ್ಲಿ ದಿನಕ್ಕೆ 10 ಗಂಟೆಯ ಕೆಲಸಕ್ಕಾಗಿ ಸಾವಿರಾರು ಸಹಿಯ ಮನವಿಗಳು ಹೋದವು. ಆ ಸಹಿಗಳೂ ಹೀಗೇ ಒಬ್ಬರಿಂದ ಒಬ್ಬರಿಗೆ ಕೈದಾಟಿ ಬಂದವು. ಕಾನೂನು ಬಂದದ್ದು 1874ರಲ್ಲಿ. ಸಹಿ ಹಾಕಿದವರಲ್ಲಿ ಹೆಚ್ಚಿನವರು ಆಗ ಗಿರಣಿಯಲ್ಲಿ ಇರಲೇ ಇಲ್ಲ.

ಮದುವೆಯೇ ಆಗದವರ ಗತಿ?

ಗತಿ ಅಂತ ಯಾಕೆ ಅನ್ನಬೇಕು! ಲೂಸಿ ಲಾರ್ಕಮ್ ಅವರನ್ನೇ ನೋಡಿ. ಒಬ್ಬರ ಜೊತೆ ಮದುವೆಯ ಮಾತಾಗಿತ್ತು. ಚಿನ್ನ ಹುಡುಕಲು ಜನ ಮುಗಿಬಿದ್ದ ಕಾಲದಲ್ಲಿ ಆತ ಕ್ಯಾಲಿಫೋರ್ನಿಯಾಕ್ಕೆ ಹೋದರು. ವರ್ಷಗಳು ಕಳೆದವು. ಕೊನೆಗೆ ಲೂಸಿಯೇ ಬೇಡ ಅಂದರು. ಪಾಠ ಹೇಳಿದರು, ಪತ್ರಿಕೆ ಸಂಪಾದಿಸಿದರು, ಪದ್ಯ ಬರೆದರು. 1893ರಲ್ಲಿ ತೀರಿಕೊಳ್ಳುವ ತನಕ ಸ್ವಂತ ದುಡಿಮೆಯ ಮೇಲೆ ಬದುಕಿದರು.

ಆ ಕಾಲ ಯಾವಾಗ ಮುಗಿಯಿತು? ಈಗ ಹೋದರೆ ಏನಾದರೂ ನೋಡಲು ಸಿಗುತ್ತದಾ?

1840ರ ದಶಕದ ಕೊನೆಗೆ ಕೆಲಸದ ವೇಗ ಏರಿತು, ಕೂಲಿ ಏರಲಿಲ್ಲ. ಬರಗಾಲದಿಂದ ಓಡಿಬಂದ ಐರಿಷ್ ಜನ ಗಿರಣಿ ಸೇರಿದರು. ರೈತರ ಹೆಣ್ಣುಮಕ್ಕಳು ಶಾಲೆಗಳಿಗೆ, ಬೇರೆ ಊರುಗಳಿಗೆ ಹೋದರು. ಐರಿಷ್ ಹುಡುಗಿಯರು ಹೆಚ್ಚಾಗಿ ಮನೆಯವರ ಜೊತೆ ಇದ್ದರು, ಬೋರ್ಡಿಂಗ್ ಮನೆಯ ಬದುಕು ಮೆಲ್ಲಗೆ ಕರಗಿತು.

1978ರಿಂದ ಅಲ್ಲಿ ರಾಷ್ಟ್ರೀಯ ಐತಿಹಾಸಿಕ ಉದ್ಯಾನ ಇದೆ. ಬೂಟ್ ಎಂಬ ಹೆಸರಿನ ಹಳೆಯ ಹತ್ತಿ ಗಿರಣಿಯ ಮ್ಯೂಸಿಯಮ್ಮಿನಲ್ಲಿ ಹಳೆಯ ಮಗ್ಗಗಳನ್ನು ಓಡಿಸಿ ತೋರಿಸುತ್ತಾರೆ. ಪಕ್ಕದಲ್ಲೇ ಬೋರ್ಡಿಂಗ್ ಮನೆಯ ಕೋಣೆಗಳಿವೆ. ಬಾಸ್ಟನ್ ಕಡೆ ಮಕ್ಕಳನ್ನು ನೋಡಲು ಹೋಗುವ ನಮ್ಮವರು ತುಂಬಾ ಜನ. ಒಂದು ದಿನ ಬಿಡುವು ಮಾಡಿ ಹೋಗಿ ಬನ್ನಿ, ರೈಲಿದೆ. ಒಳಗೆ ಹೋಗುವಾಗ ಕಿವಿಗೆ ಇಟ್ಟುಕೊಳ್ಳಲು ಸಣ್ಣ ಬಿರಡೆ ಕೊಡುತ್ತಾರೆ.

ಕರಿಯ ಹುಡುಗಿಯರು ಎಲ್ಲಿದ್ದರು?

ಈ ಪ್ರಶ್ನೆ ಕೇಳದೆ ಲೋವೆಲ್ ಕಥೆ ಮುಗಿಸುವುದು ತಪ್ಪು. ಆ ಗಿರಣಿಗಳ ಹತ್ತಿ ಬರುತ್ತಿದ್ದದ್ದು ದಕ್ಷಿಣದ ಗುಲಾಮರ ಹೊಲಗಳಿಂದ. ಅಲ್ಲಿ ನೇಯ್ದ ಒರಟು ಬಟ್ಟೆಯ ಒಂದು ಪಾಲು ಗುಲಾಮರಿಗೆ ಉಡಿಸಲು ದಕ್ಷಿಣಕ್ಕೇ ಹೋಗುತ್ತಿತ್ತು. ಆ ಬಟ್ಟೆಗೆ ಲೋವೆಲ್ ಅಂತಲೇ ಹೆಸರು. ಉತ್ತರದ ಸ್ವತಂತ್ರ ಕರಿಯ ಹುಡುಗಿಯರಿಗೂ ಗಿರಣಿ ಕೆಲಸ ಸಾಮಾನ್ಯವಾಗಿ ಸಿಗುತ್ತಿರಲಿಲ್ಲ. ಅವರಿಗೆ ಉಳಿದದ್ದು ಮನೆಕೆಲಸ, ಹೊಲಿಗೆ, ಬಟ್ಟೆ ಒಗೆಯುವುದು.

ಕನೆಕ್ಟಿಕಟ್‌ನ ಹಾರ್ಟ್‌ಫರ್ಡ್‌ನ ಆ್ಯಡಿ ಬ್ರೌನ್ ಅಂಥ ಒಬ್ಬಳು. ಹೊಲಿಗೆ ಮಾಡಿದಳು, ಮನೆಕೆಲಸ ಮಾಡಿದಳು, ಹುಡುಗಿಯರ ಒಂದು ಶಾಲೆಯ ಅಡುಗೆಮನೆಯಲ್ಲಿ ದುಡಿದಳು. ಅವಳ ಜೀವದ ಗೆಳತಿ ರೆಬೆಕಾ ಪ್ರೈಮಸ್, ಅದೇ ಊರಿನ ಗೌರವಸ್ಥ ಕರಿಯ ಮನೆತನದ ಮಗಳು, ಶಾಲೆಯ ಟೀಚರ್. 1859ರಿಂದ 1868ರವರೆಗೆ ಆ್ಯಡಿ ಅವಳಿಗೆ ಬರೆದ ನೂರಕ್ಕೂ ಹೆಚ್ಚು ಕಾಗದ ಉಳಿದಿವೆ. ಅಮೆರಿಕದ ಅಂತರ್ಯುದ್ಧ ಮುಗಿದ ಮೇಲೆ ರೆಬೆಕಾ ಬಿಡುಗಡೆಯಾದ ಗುಲಾಮರಿಗೆ ಓದು ಕಲಿಸಲು ಮೇರಿಲ್ಯಾಂಡಿಗೆ ಹೋದಳು. ಆ್ಯಡಿಯ ಕಾಗದಗಳಲ್ಲಿ ಕೂಲಿಯ ಲೆಕ್ಕ, ಊರಿನ ಸುದ್ದಿ, ಓದಿದ ಪುಸ್ತಕ, ಮುತ್ತು, ಅಪ್ಪುಗೆ, ಹೊಟ್ಟೆಕಿಚ್ಚು ಎಲ್ಲವೂ ಇವೆ. ಸುತ್ತಲಿನವರಿಗೂ ಇದು ಗೊತ್ತಿತ್ತು. ಇಬ್ಬರಲ್ಲಿ ಒಬ್ಬರು ಗಂಡಾಗಿದ್ದರೆ ಮದುವೆಯಾಗುತ್ತಿದ್ದರು ಅಂತ ರೆಬೆಕಾಳ ಅಮ್ಮ ಹೇಳಿದ ಮಾತನ್ನು ಆ್ಯಡಿ ಒಂದು ಕಾಗದದಲ್ಲಿ ಬರೆದಿದ್ದಾಳೆ.

ಜೋಸೆಫ್ ಟೈನ್ಸ್ ಎಂಬಾತ ಆ್ಯಡಿಯನ್ನು ವರ್ಷಗಟ್ಟಲೆ ಕೇಳುತ್ತಾ ಬಂದ. ಅವಳು ಹೂಂ ಅನ್ನಲು ತುಂಬಾ ಕಾಲ ತೆಗೆದುಕೊಂಡಳು. 1868ರಲ್ಲಿ ಮದುವೆಯಾಯಿತು. ಎರಡು ವರ್ಷ ತುಂಬುವ ಮೊದಲೇ ಅವಳು ಕ್ಷಯದಿಂದ ತೀರಿಕೊಂಡಳು.

ರೆಬೆಕಾ ಆಮೇಲೆ ಮದುವೆಯಾದಳು, ವಿಧವೆಯಾದಳು, 1932ರವರೆಗೆ ಬದುಕಿದಳು. ಆ ಕಾಗದಗಳನ್ನು ಅವಳು ಅರವತ್ತು ವರ್ಷಕ್ಕೂ ಹೆಚ್ಚು ಕಾಲ ಇಟ್ಟುಕೊಂಡಿದ್ದಳು. ಒಂದು ಲಕೋಟೆಯ ಮೇಲೆ ಆ್ಯಡಿ ಮನೆಯಲ್ಲಿ ತೀರಿಕೊಂಡಳು ಅಂತ ಬರೆದು, ತಾರೀಖು ಹಾಕಿದ್ದಾಳೆ: 1870, ಜನವರಿ 11.